ಹೊಳೆ ಹಾಯುವ ಜೀಪೂ ಅದರ ವಿದ್ಯುತ್ತೂ

ಮಂಡ್ಯದ ಸೀಮೆಯಲ್ಲಿ ನೀರಿಗೂ ವಿದ್ಯುತ್ತಿಗೂ ಇರುವ ನಂಟು ಹಳೆಯದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯನ್ನು ಧುಮುಕಿಸಿ ಪಡೆದ ವಿದ್ಯುತ್ತು ೧೯೦೨ರಲ್ಲಿ ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ನಡೆದುಹೋಯಿತು. ನೀರಿನಿಂದಲೇ ಹುಟ್ಟಿದ ಈ ಶಕ್ತಿ ನೀರಿನ ಸಹವಾಸವನ್ನು ಮಾತ್ರ ಸಹಿಸದು. ವಿದ್ಯುತ್ ಕಂಬಗಳ ಮೇಲೆ ಪಿಂಗಾಣಿಯ ಬಟ್ಟಲುಗಳನ್ನು ಬೋರಲು ಹಾಕಿದಂತಿರುವುದನ್ನು ನೀವು ಕಂಡಿದ್ದೀರಿ. ಮಳೆ ಎಷ್ಟೇ ಸುರಿಯಲಿ, ಆ ಬಟ್ಟಲಿನ ಒಳಮೈಯಲ್ಲಿ ಒಂದಿಷ್ಟು ಜಾಗ ಒಣಗಿಯೇ ಇರುತ್ತದೆ. ವಿದ್ಯುತ್ತು ಕಂಬಕ್ಕೆ ಇಳಿಯದಂತೆ ತಡೆಯುವುದು ಆ ಒಣ ಜಾಗವೇ. ಇಂದು ನಾನು ಹೇಳಹೊರಟಿರುವುದು ಬಹುಮಟ್ಟಿಗೆ ಈ ಒಂದು ತತ್ತ್ವದ ವಿಸ್ತಾರ: ಹೊಳೆ ಹಾಯಬೇಕಾದ ಮೋಟಾರು ಗಾಡಿಯಲ್ಲಿ ಒಣ ಜಾಗವನ್ನು ಕಾಪಾಡಿಕೊಳ್ಳುವುದು ಹೇಗೆ?

ಇದು ಬರಿಯ ಷೋಕಿಯ ವಿಷಯವೆಂದು ತಳ್ಳಿಬಿಡಬೇಡಿ. ಮದ್ದೂರಿನ ಬಳಿ ಶಿಂಷೆ, ಮಳವಳ್ಳಿಯ ಕೆಳಗೆ ಕಾವೇರಿ, ನಡುವೆ ಹತ್ತಾರು ಹಳ್ಳಗಳು, ವಿಶ್ವೇಶ್ವರಯ್ಯ ನಾಲೆಯ ಕವಲುಗಳು ಇರುವ ನಾಡು ನಮ್ಮದು. ತಗ್ಗಿನ ಸೇತುವೆಯ ಮೇಲೆ ನೀರು ಹರಿಯುವಾಗ ಹಾಲಿನ ಕ್ಯಾನು ಆಚೆ ದಡದಲ್ಲಿರುತ್ತದೆ, ಹೆರಿಗೆಯ ನೋವು ತಿನ್ನುತ್ತಿರುವ ಹೆಂಗಸು ಈಚೆ ದಡದಲ್ಲಿರುತ್ತಾಳೆ. ನಡುನೀರಿನಲ್ಲಿ ಎಂಜಿನ್ ನಿಂತರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಕಳೆದುಕೊಳ್ಳೋಣ. ನೀರು ಸೋಕಿದ ಕೂಡಲೇ ಗಾಡಿಯ ವಿದ್ಯುತ್ತೆಲ್ಲ ಸೋರಿಹೋಗುತ್ತದೆಂದು ಹಲವರು ಭಾವಿಸಿದ್ದಾರೆ. ಹೊಳೆಯ ಸಿಹಿನೀರು ಅಷ್ಟೇನೂ ಒಳ್ಳೆಯ ವಾಹಕವಲ್ಲ. ೧೨ ವೋಲ್ಟಿನ ಬ್ಯಾಟರಿ ಮುಳುಗಿದರೂ ನೀರಿನ ಮೂಲಕ ಹರಿದುಹೋಗುವ ವಿದ್ಯುತ್ತು ಅಲ್ಪ. ನೆರೆಯಲ್ಲಿ ಮುಳುಗಿದ ಕಾರಿನ ದೀಪಗಳು ನೀರಿನೊಳಗೇ ಉರಿಯುತ್ತಿರುವುದು ಇದರಿಂದಲೇ. ಹಾಗಾದರೆ ಕೆಡುವುದೇನು? ಮೂರು ಬಗೆಯ ಕೇಡುಗಳಿವೆ. ಮೂರಕ್ಕೂ ಮದ್ದು ಬೇರೆಬೇರೆ.

ಒಂದನೆಯದು ಹೆಚ್ಚು ವೋಲ್ಟಿನ ಕೇಡು. ಹಳೆಯ ಪೆಟ್ರೋಲ್ ಜೀಪುಗಳಲ್ಲಿ ಕಾಯಿಲ್ ೧೨ ವೋಲ್ಟನ್ನು ೧೫ರಿಂದ ೨೦ ಸಾವಿರ ವೋಲ್ಟಿಗೆ ಏರಿಸಿ, ಡಿಸ್ಟ್ರಿಬ್ಯೂಟರಿನ ಮೂಲಕ ಪ್ಲಗ್ಗುಗಳಿಗೆ ಕಳಿಸುತ್ತದೆ. ಇಷ್ಟು ಒತ್ತಡದ ವಿದ್ಯುತ್ತಿಗೆ ತೇವದ ಒಂದು ತೆಳುವಾದ ಪೊರೆ ಸಿಕ್ಕರೂ ಸಾಕು, ಅದೇ ಹಾದಿಯಾಗುತ್ತದೆ. ಕಿಡಿ ಪ್ಲಗ್ಗಿಗೆ ಹೋಗದೆ ಹೊರಗೆ ಜಾರುತ್ತದೆ; ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಹಳೆಯ ಡೀಸೆಲ್ ಗಾಡಿಗೂ ಟ್ರ್ಯಾಕ್ಟರಿಗೂ ಕಿಡಿಯ ಗೊಡವೆಯೇ ಇಲ್ಲ. ಕಬ್ಬಿನ ಗದ್ದೆಯ ಕೆಸರಿನಲ್ಲಿ ಟ್ರ್ಯಾಕ್ಟರು ಧೈರ್ಯವಾಗಿ ನಡೆಯುವುದರ ಗುಟ್ಟುಗಳಲ್ಲಿ ಇದೂ ಒಂದು.

ಎರಡನೆಯದು ಸಣ್ಣ ಸಂಕೇತದ ಕೇಡು. ಈಗಿನ ಗಾಡಿಗಳಲ್ಲಿ, ಪೆಟ್ರೋಲಾಗಲಿ ಡೀಸೆಲಾಗಲಿ, ಎಂಜಿನ್ನನ್ನು ಆಳುವುದು ಒಂದು ಪುಟ್ಟ ಕಂಪ್ಯೂಟರು. ಅದಕ್ಕೆ ಸುದ್ದಿ ಮುಟ್ಟಿಸುವ ಸೆನ್ಸರುಗಳ ತಂತಿಯಲ್ಲಿ ಓಡುವುದು ಹೆಚ್ಚೆಂದರೆ ಐದು ವೋಲ್ಟಿನ ಸಂಕೇತ. ದೀಪ ಆರಿಸಲಾರದ ಸಣ್ಣ ಸೋರಿಕೆಯೂ ಈ ಸಂಕೇತವನ್ನು ತಿರುಚಬಲ್ಲದು. ಸುಳ್ಳು ಸುದ್ದಿ ಕೇಳಿದ ಕಂಪ್ಯೂಟರು ಎಂಜಿನ್ನನ್ನು ನಿಲ್ಲಿಸಿಬಿಡಬಹುದು.

ಮೂರನೆಯದು ನಿಧಾನದ ಕೇಡು. ಇದೇ ಎಲ್ಲಕ್ಕಿಂತ ಮೋಸಗಾರ. ಕಪ್ಲರಿನ ಒಳಗೆ ಒಂದು ಹನಿ ಕೆಸರು ನೀರು ಉಳಿದರೆ, ವಿದ್ಯುತ್ತು ಹರಿಯುವಾಗಲೆಲ್ಲ ತಾಮ್ರ ಕರಗುತ್ತ ಹಸಿರು ಕಿಲುಬು ಕಟ್ಟುತ್ತದೆ. ಹೊಳೆ ದಾಟಿದ ದಿನ ಗಾಡಿ ಚೆನ್ನಾಗಿಯೇ ಇರುತ್ತದೆ. ಮೂರು ತಿಂಗಳ ಮೇಲೆ, ಬಿಸಿಲಿನಲ್ಲಿ, ಒಣ ರಸ್ತೆಯಲ್ಲಿ ನಿಂತುಹೋಗುತ್ತದೆ. ಕಾರಣ ಯಾರಿಗೂ ಹೊಳೆಯುವುದಿಲ್ಲ.

ಇನ್ನು ಮದ್ದಿನ ವಿಚಾರ. ಹಳೆಯ ಜೀಪಾದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ಮೊದಲು ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಬದಲಾಯಿಸಿ. ಪ್ಲಗ್ಗಿನ ವೈರುಗಳು ಸೆಡೆತಿದ್ದರೆ ಹೊಸದು ಹಾಕಿ, ತುದಿಯ ರಬ್ಬರು ಟೋಪಿಗಳ ಒಳಗೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ. ಚಕ್ರಕ್ಕೆ ಹಾಕುವ ಗ್ರೀಸು ಇಲ್ಲಿಗೆ ಸಲ್ಲದು; ಅದು ರಬ್ಬರನ್ನು ತಿನ್ನುತ್ತದೆ.

ಕಪ್ಲರುಗಳನ್ನು ಒಂದೊಂದಾಗಿ ಬಿಚ್ಚಿ, ಒರೆಸಿ ಒಣಗಿಸಿ, ಅದರ ರಬ್ಬರು ಸೀಲಿಗೆ ಅದೇ ಸಿಲಿಕೋನ್ ಗ್ರೀಸನ್ನು ಹಚ್ಚಿ ಮತ್ತೆ ಕೂಡಿಸಿ. ವೈರು ಕತ್ತರಿಸಿ ಜೋಡಿಸಿದ ಕಡೆ ಬರಿಯ ಕಪ್ಪು ಟೇಪು ಸಾಲದು. ಟೇಪಿನ ಅಂಟು ನಮ್ಮ ಬೇಸಗೆಗೆ ಕರಗುತ್ತದೆ, ಮಳೆಗಾಲದಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ, ಒಳಗೆ ಅಂಟಿರುವ ಕೊಳವೆ ಸಿಗುತ್ತದೆ, ಅದನ್ನೇ ಹಾಕಿಸಿ. ಬಾಡಿಗೆ ಅರ್ತ್ ಕೊಟ್ಟ ಕಡೆ ಬಣ್ಣವನ್ನೂ ತುಕ್ಕನ್ನೂ ಕೆರೆದು, ಹೊಳೆಯುವ ಲೋಹಕ್ಕೆ ಬೋಲ್ಟು ಬಿಗಿದು, ಆಮೇಲೆ ಮೇಲೆ ಗ್ರೀಸು ಬಳಿಯಿರಿ. ಮೊದಲೇ ಬಳಿದು ಬಿಗಿಯುವುದಲ್ಲ.

ವೈರನ್ನು ಯಾವುದೇ ಪೆಟ್ಟಿಗೆಯೊಳಕ್ಕೆ ಮೇಲಿನಿಂದ ನೇರವಾಗಿ ಇಳಿಸಬೇಡಿ. ಉಯ್ಯಾಲೆಯ ಹಗ್ಗದ ಹಾಗೆ ಒಮ್ಮೆ ಕೆಳಕ್ಕೆ ಜೋಲುಬಿಟ್ಟು, ಮತ್ತೆ ಮೇಲಕ್ಕೆ ತಂದು ಸೇರಿಸಿ. ವೈರಿನ ಮೇಲೆ ಇಳಿದ ನೀರು ಜೋಲಿನ ತಳದಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಪಿಂಗಾಣಿ ಬಟ್ಟಲಿನ ಪಾಠವೇ ಇದು. ಫ್ಯೂಸ್ ಬಾಕ್ಸು, ರಿಲೇಗಳು ಕೆಳಗಿದ್ದರೆ, ಮೇಲೆ ಜಾಗವಿರುವ ಕಡೆ ಅವನ್ನು ಸಾಧ್ಯವಿದ್ದಷ್ಟು ಏರಿಸಿ.

ಇನ್ನೊಂದು ಸೂಕ್ಷ್ಮವುಂಟು. ದೂರದಿಂದ ಓಡಿಬಂದ ಗಾಡಿಯ ಗೇರ್ ಬಾಕ್ಸು, ಆಕ್ಸಲ್ಲು, ದೀಪದ ಬುರುಡೆ ಎಲ್ಲವೂ ಕಾದಿರುತ್ತವೆ. ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಅವುಗಳ ಬ್ರೀದರ್ ಕೊಳವೆಗಳನ್ನು ರಬ್ಬರು ಟ್ಯೂಬಿನಿಂದ ಬಾನೆಟ್ಟಿನ ಎತ್ತರಕ್ಕೆ ಒಯ್ಯಬೇಕು. ನೀರಿಗೆ ಇಳಿಯುವ ಮುನ್ನ ದಡದಲ್ಲಿ ಹತ್ತು ನಿಮಿಷ ನಿಲ್ಲಿಸಿ, ದೀಪ ಆರಿಸಿ, ಗಾಡಿಯನ್ನು ತಣಿಯಬಿಡಬೇಕು.

ಎಲ್ಲವನ್ನೂ ಒಮ್ಮೆಗೇ ಮೆತ್ತಿಬಿಟ್ಟರೆ ಚಿಂತೆಯಿಲ್ಲವಲ್ಲ ಎನ್ನುತ್ತೀರೋ? ೧೯೪೪ರ ಜೂನ್ ೬ರಂದು ನಾರ್ಮಂಡಿಯ ದಡಕ್ಕೆ ಹಡಗಿನಿಂದ ಇಳಿದ ಜೀಪುಗಳಿಗೆ ಹಾಗೆಯೇ ಮಾಡಿದ್ದರು. ಗ್ರೀಸಿಗೆ ಕಲ್ನಾರು ಬೆರೆಸಿದ ಮುದ್ದೆಯನ್ನು ವಿದ್ಯುತ್ತಿನ ಭಾಗಗಳಿಗೆಲ್ಲ ಮೆತ್ತಿದ್ದರು. ಆದರೆ ದಡ ಮುಟ್ಟಿದ ಮೇಲೆ ಅದನ್ನು ಬೇಗ ಕಿತ್ತುಹಾಕುವುದೂ ಆ ಏರ್ಪಾಟಿನ ಭಾಗವೇ ಆಗಿತ್ತು. ಮುಚ್ಚಿದ ಮೈಯಿಂದ ಕಾವು ಹೊರಗೆ ಹೋಗದು, ಒಳಗಿನ ಹಬೆ ಆರದು. ಕಲ್ನಾರಂತೂ ಶ್ವಾಸಕೋಶಕ್ಕೆ ವಿಷವೆಂದು ಈಗ ಗೊತ್ತಾಗಿದೆ. ಅದರ ಹತ್ತಿರವೂ ಹೋಗಬೇಡಿ.

ನೀರಿಗೆ ಇಳಿದ ಮೇಲೆ ಫ್ಯಾನು ಎಂಜಿನ್ನಿನ ಮೇಲೆಲ್ಲ ನೀರು ಎರಚುತ್ತದೆ. ಮುಂಭಾಗದ ಜಾಲರಿಗೆ ಒಂದು ತಾರ್ಪಾಲು ಕಟ್ಟಿದರೆ ಈ ಎರಚಾಟ ಬಹಳ ತಗ್ಗುತ್ತದೆ. ದಾಟಿದೊಡನೆ ಬಿಚ್ಚಲು ಮರೆಯಬಾರದು. ನಡಿಗೆಯ ವೇಗದಲ್ಲಿ, ಒಂದೇ ಸಮನೆ, ಗೇರು ಬದಲಿಸದೆ ಸಾಗಬೇಕು. ಎಂಜಿನ್ ಉಸಿರೆಳೆಯುವ ಬಾಯಿ ನೀರಿಗಿಂತ ಮೇಲಿರಲೇಬೇಕು. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗದು; ಸಿಲಿಂಡರಿಗೆ ನೀರು ಹೊಕ್ಕರೆ ಉಕ್ಕಿನ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಆದಕಾರಣ ನೀರಿನಲ್ಲಿ ನಿಂತ ಗಾಡಿಗೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಬ್ಯಾಟರಿಯ ನೆಗೆಟಿವ್ ಕೊನೆಯನ್ನು ಬಿಚ್ಚಿ, ಹಗ್ಗ ಕಟ್ಟಿ ಎಳೆಸಿರಿ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಇಷ್ಟೆಲ್ಲ ಮಾಡಿದ ಮೇಲೆ ಗಾಡಿ ಎಷ್ಟು ನೀರಿಗೆ ಇಳಿಯಬಹುದು? ೨೦೨೦ರಲ್ಲಿ ಬಂದ ಮಹೀಂದ್ರ ಥಾರ್ ಗಾಡಿಗೆ ತಯಾರಕರು ಹೇಳುವ ಮಿತಿ ೬೫೦ ಮಿಲಿಮೀಟರು, ಎಂದರೆ ಎರಡಡಿಗಿಂತ ತುಸು ಹೆಚ್ಚು. ನಿಂತ ನೀರಿಗೆ ಈ ಲೆಕ್ಕ ಸರಿ. ಹರಿಯುವ ನೀರಿನ ಲೆಕ್ಕವೇ ಬೇರೆ. ಒಂದು ಗಾಡಿಯ ತಳ ಸುಮಾರು ೬ ಚದರ ಮೀಟರು ಎಂದಿಟ್ಟುಕೊಳ್ಳಿ. ಒಳಗೆ ನೀರು ನುಗ್ಗದಿದ್ದರೆ, ತಳದ ಮೇಲೆ ನೀರು ೧೦ ಸೆಂಟಿಮೀಟರು ಏರಿದಾಗಲೆಲ್ಲ ಅದು ಗಾಡಿಯನ್ನು ೬೦೦ ಕಿಲೋಗ್ರಾಮಿನಷ್ಟು ಹಗುರ ಮಾಡುತ್ತದೆ. ೧,೮೦೦ ಕಿಲೋಗ್ರಾಮು ತೂಕದ ಜೀಪು ೩೦ ಸೆಂಟಿಮೀಟರಿಗೆ ತೇಲಿಬಿಡುತ್ತದೆ. ಅದಕ್ಕೂ ಮೊದಲೇ ಚಕ್ರಗಳ ಹಿಡಿತ ತಪ್ಪಿ, ಸೆಳೆತ ಅದನ್ನು ಪಕ್ಕಕ್ಕೆ ತಳ್ಳಿರುತ್ತದೆ. ಬಾಗಿಲ ಸಂದುಗಳನ್ನು ಬಿಗಿಯಾಗಿ ಮುಚ್ಚಿದಷ್ಟೂ ಗಾಡಿ ದೋಣಿಯಾಗುತ್ತದೆ, ಚುಕ್ಕಾಣಿಯಿಲ್ಲದ ದೋಣಿ. ವಿದ್ಯುತ್ತನ್ನು ಎಷ್ಟೇ ಚೆನ್ನಾಗಿ ಕಾಪಾಡಿದರೂ ಈ ಲೆಕ್ಕ ಬದಲಾಗುವುದಿಲ್ಲ.

ಶಿಂಷೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಮೇಲೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ಸೈಫನ್ ಏರ್ಪಾಟಿದೆ. ಕಟ್ಟೆ ತುಂಬಿದೊಡನೆ, ಯಾರೂ ಬಾಗಿಲು ಎತ್ತಬೇಕಾಗಿಲ್ಲ, ನೀರು ತಾನಾಗಿಯೇ ಹೊಳೆಗೆ ಬೀಳುತ್ತದೆ. ಮದ್ದೂರಿನ ಆಕಾಶದಲ್ಲಿ ಒಂದು ಮೋಡವೂ ಇಲ್ಲದ ಹೊತ್ತಿನಲ್ಲಿ ಹೊಳೆ ಏರಬಹುದು. ಬೆಳಗ್ಗೆ ಮಂಡಿಯುದ್ದ ನೀರಿದ್ದ ಕಡೆ ಮಧ್ಯಾಹ್ನವೂ ಹಾಗೆಯೇ ಇದ್ದೀತೆಂದು ನಂಬಬೇಡಿ. ನೀರು ಕೆಂಪಗಾಗಿ ಕಸಕಡ್ಡಿ ತೇಲಿಬರುತ್ತಿದ್ದರೆ ಹೊಳೆ ಏರುತ್ತಿದೆ ಎಂದೇ ತಿಳಿಯಿರಿ. ತಳ ಕಾಣದ ಹರಿವಿಗೆ, ಸೇತುವೆಯ ಅಂಚು ಕಾಣದ ನೀರಿಗೆ ಯಾವ ಜೀಪನ್ನೂ ಇಳಿಸಬಾರದು. ಹೆರಿಗೆಯ ನೋವಿನ ಹೆಂಗಸು ಜೊತೆಯಲ್ಲಿದ್ದರೆ ಸುತ್ತುದಾರಿ ಹತ್ತು ಮೈಲಿಯಾದರೂ ಅದೇ ಹತ್ತಿರದ ದಾರಿ.

ಕಡೆಯದಾಗಿ, ದಾಟಿ ಬಂದ ದಿನದ ಕೆಲಸ. ಮೊದಲು ಬ್ರೇಕನ್ನು ಮೆಲ್ಲಗೆ ಒತ್ತುತ್ತ ಸ್ವಲ್ಪ ದೂರ ಓಡಿಸಿ ಒಣಗಿಸಿ. ಮನೆಗೆ ಬಂದ ಮೇಲೆ ಆಲ್ಟರ್ನೇಟರಿನ ಕೆಸರನ್ನು ತಿಳಿನೀರಿನಿಂದ ಮೆಲ್ಲಗೆ ತೊಳೆದು ಒಣಗಲು ಬಿಡಿ. ಅದರೊಳಗಿನ ಬ್ರಷ್ಷನ್ನೂ ಬೇರಿಂಗನ್ನೂ ಸವೆಸುವುದು ನೀರಿಗಿಂತ ಮರಳೇ. ಎಂಜಿನ್ನಿನ, ಗೇರ್ ಬಾಕ್ಸಿನ, ಆಕ್ಸಲ್ಲಿನ ಎಣ್ಣೆಯನ್ನು ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಬದಲಾಯಿಸದೆ ಓಡಿಸಬೇಡಿ. ಮುಳುಗಿದ ಕಪ್ಲರುಗಳನ್ನು ಅಂದೇ ಬಿಚ್ಚಿ ಒರೆಸಿ. ಒಂದು ಗಂಟೆಯ ಈ ಕೆಲಸವನ್ನು ನಾಳೆಗೆ ಹಾಕದಿದ್ದರೆ, ಮುಂದಿನ ಮಳೆಗಾಲದಲ್ಲಿ ಅವಸರದ ಕರೆ ಬಂದ ರಾತ್ರಿ ನಿಮ್ಮ ಗಾಡಿ ಒಂದೇ ಸಲಕ್ಕೆ ಸ್ಟಾರ್ಟಾಗುತ್ತದೆ.