ಸಾಕ್ಷಿ ಎಷ್ಟು, ಶಿಕ್ಷೆ ಎಷ್ಟು?

ಮಾಸ್ಕ್ ಹಾಕಿದ್ದೆಲ್ಲ ದಂಡ, ವಿಜ್ಞಾನಿಗಳೇ ಒಪ್ಕೊಂಡಿದ್ದಾರೆ ಅನ್ನೋ ವಾಟ್ಸಾಪ್ ಮೆಸೇಜ್ ನಿಮ್ಮ ಮೊಬೈಲಿಗೂ ಬಂದಿರಬಹುದು. ಈ ದಂಡ ಅನ್ನೋ ಮಾತಿಗೆ ನಮ್ಮಲ್ಲಿ ಎರಡು ಅರ್ಥ ನೋಡಿ. 2020ರ ಅಕ್ಟೋಬರ್‌ನಲ್ಲಿ ಮಾಸ್ಕ್ ಹಾಕದವರ ಮೇಲೆ ನಮ್ಮ ರಾಜ್ಯ ಸರ್ಕಾರ ಹಾಕಿದ್ದೂ ದಂಡವೇ. ನಗರಗಳಲ್ಲಿ 1,000 ರೂಪಾಯಿ ಅಂದ್ರು. ಜನ ಬೈದ ಮೇಲೆ ಕೆಲವೇ ದಿನದಲ್ಲಿ ಅದು 250ಕ್ಕೆ ಇಳೀತು. ಅಷ್ಟರೊಳಗೆ ವೈರಸ್ಸೇನಾದ್ರೂ ಮುಕ್ಕಾಲು ಪಾಲು ಸಾಧುವಾಗಿತ್ತಾ? ಇಲ್ಲ.

ಈಗ ಆ ಮೆಸೇಜಿನ ಮೂಲಕ್ಕೆ ಬರೋಣ. ಕಾಕ್ರೇನ್ ಅನ್ನೋ ಸಂಸ್ಥೆ ಇದೆ. ಒಂದೇ ಪ್ರಶ್ನೆ ಮೇಲೆ ಲೋಕದಲ್ಲೆಲ್ಲ ನಡೆದ ಪ್ರಯೋಗಗಳನ್ನು ಒಟ್ಟು ಹಾಕಿ ತೂಗಿ ನೋಡೋದು ಅದರ ಕೆಲಸ. ಮಾಸ್ಕ್, ಕೈ ತೊಳೆಯೋದು ಇಂಥವುಗಳ ಮೇಲಿನ 78 ಪ್ರಯೋಗಗಳನ್ನು ತೂಗಿ 2023ರ ಜನವರಿಯಲ್ಲಿ ಅದು ವರದಿ ಕೊಟ್ಟಿತು. ಜನಸಮುದಾಯದಲ್ಲಿ ಮಾಸ್ಕ್‌ನಿಂದ ಆಗೋ ವ್ಯತ್ಯಾಸ ಬಹುಶಃ ಅಲ್ಪ, ಇಲ್ಲವೇ ಏನೂ ಇಲ್ಲ ಅಂತ ಅದರಲ್ಲಿತ್ತು. ಅಷ್ಟು ಸಾಕಾಯ್ತು, ಸುದ್ದಿ ಹಬ್ಬಿತು. ಮಾರ್ಚ್‌ನಲ್ಲಿ ಸಂಸ್ಥೆಯ ಪ್ರಧಾನ ಸಂಪಾದಕಿ ಕಾರ್ಲಾ ಸೋರೆಸ್-ವೈಸರ್ ಅವರೇ ಸ್ಪಷ್ಟನೆ ಕೊಡಬೇಕಾಯ್ತು. ಇದನ್ನು ಓದಿ ಮಾಸ್ಕ್ ಕೆಲಸ ಮಾಡಲ್ಲ ಅನ್ನೋದು ಸರಿಯಲ್ಲ, ಫಲಿತಾಂಶ ಯಾವ ಕಡೆಗೂ ನಿರ್ಣಯವಾಗಿಲ್ಲ ಅಂದರು. ಆದರೆ ಈ ಸ್ಪಷ್ಟನೆಯನ್ನು ಯಾರು ಫಾರ್ವರ್ಡ್ ಮಾಡ್ತಾರೆ ಹೇಳಿ?

ಕೋರ್ಟಿಗೆ ಹೋಗಿ ಬಂದವರಿಗೆ ಇದು ಚೆನ್ನಾಗಿ ಗೊತ್ತು. ಸಾಕ್ಷಿ ಸಾಲದು ಅಂತ ಆರೋಪಿಯನ್ನು ಬಿಡೋದು ಬೇರೆ, ಅವನು ಆ ಹೊತ್ತಿಗೆ ಅಲ್ಲಿರಲೇ ಇಲ್ಲ ಅಂತ ಸಾಬೀತಾಗೋದು ಬೇರೆ.

ಹಾಗಾದ್ರೆ ಸಾಕ್ಷಿ ಯಾಕೆ ಸಾಲಲಿಲ್ಲ? ಆ 78ರಲ್ಲಿ ಹೆಚ್ಚಿನವು ಕೋವಿಡ್‌ಗೂ ಮೊದಲಿನವು. ಅವುಗಳಲ್ಲಿ ಕೋವಿಡ್ ಕಾಲದಲ್ಲಿ ಜನರ ನಡುವೆ ಮಾಸ್ಕ್ ಮೇಲೆ ನಡೆದ ದೊಡ್ಡ ಪ್ರಯೋಗಗಳು ಎರಡೇ. ಒಂದು ಶ್ರೀಮಂತ ಡೆನ್ಮಾರ್ಕ್‌ನದು. ಅಲ್ಲಿ ಮಾಸ್ಕ್ ಕೊಟ್ಟವರಲ್ಲಿ ನೂರಕ್ಕೆ 1.8, ಕೊಡದವರಲ್ಲಿ 2.1 ಮಂದಿಗೆ ಸೋಂಕು. ಇಷ್ಟು ಸಣ್ಣ ಅಂತರ ಅದೃಷ್ಟದಿಂದಲೂ ಬರಬಹುದು. ಇನ್ನೊಂದನ್ನು ಮಾಡಿದ್ದು ಎಲ್ಲಿ ಗೊತ್ತಾ? ನಮ್ಮ ಪಕ್ಕದ ಬಾಂಗ್ಲಾದೇಶದಲ್ಲಿ. 600 ಹಳ್ಳಿ, ಹೆಚ್ಚುಕಡಿಮೆ 3 ಲಕ್ಷ 42 ಸಾವಿರ ವಯಸ್ಕರು. ಅರ್ಧ ಹಳ್ಳಿಗಳಿಗೆ ಉಚಿತ ಮಾಸ್ಕ್ ಕೊಟ್ಟು, ಮಸೀದಿ, ಮಾರುಕಟ್ಟೆಗಳಲ್ಲಿ ನಿಂತು ಹಾಕ್ಕೊಳ್ಳಿ ಅಂತ ಹೇಳಿದರು. ಉಳಿದರ್ಧವನ್ನು ಇದ್ದ ಹಾಗೇ ಬಿಟ್ಟರು. ಯಾವ ಹಳ್ಳಿಗೆ ಅನ್ನೋದನ್ನು ಚೀಟಿ ಎತ್ತಿದ ಹಾಗೆ ಆಯ್ಕೆ ಮಾಡಿದರು.

ಈ ಚೀಟಿ ಎತ್ತೋದೇ ಮುಖ್ಯ ಸ್ವಾಮಿ. ತಾನಾಗೇ ಮಾಸ್ಕ್ ಹಾಕೋ ಮನುಷ್ಯ ಕೈಯನ್ನೂ ತೊಳೀತಾನೆ, ನೂರು ಜನ ಸೇರೋ ಬೀಗರೂಟಕ್ಕೂ ಹೋಗಲ್ಲ. ಅವನಿಗೆ ಕಾಯಿಲೆ ಬರದೇ ಇದ್ರೆ ಅದರ ಪುಣ್ಯ ಮಾಸ್ಕ್‌ಗೋ ಅವನ ಸ್ವಭಾವಕ್ಕೋ? ಚೀಟಿ ಎತ್ತಿದಾಗ ಎರಡೂ ಕಡೆ ಎಲ್ಲ ಸ್ವಭಾವದವರೂ ಸರಿಸುಮಾರು ಸಮನಾಗಿ ಹಂಚಿಹೋಗ್ತಾರೆ.

ಫಲಿತಾಂಶ ಏನಾಯ್ತು? ಮಾಸ್ಕ್ ಹಾಕುವವರು ನೂರಕ್ಕೆ 13 ಇದ್ದದ್ದು 42 ಆಯ್ತು. ರೋಗಲಕ್ಷಣವೂ ಇದ್ದು ರಕ್ತಪರೀಕ್ಷೆಯಲ್ಲೂ ಖಚಿತವಾದ ಸೋಂಕು ಸುಮಾರು ಶೇ. 9ರಷ್ಟು ಇಳೀತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಶೇ. 11, ಅಲ್ಲಿನ 60 ದಾಟಿದವರಲ್ಲಿ ಶೇ. 35. ಬಟ್ಟೆ ಮಾಸ್ಕ್‌ನ ಲಾಭ ಸ್ಪಷ್ಟವಾಗಲಿಲ್ಲ. ಇಷ್ಟೇನಾ ಅಂತ ಕೇಳಬಹುದು. ನೂರು ಜನರಿಗೆ ಕೊಡೆ ಕೊಟ್ಟೆವು, 58 ಜನ ಬಿಚ್ಚಲೇ ಇಲ್ಲ. ಸಂಜೆ ಎಷ್ಟು ಜನ ನೆನೆದರು ಅಂತ ಎಣಿಸಿದ್ರೆ ಅದು ಕೊಡೆಯ ಪರೀಕ್ಷೆಯೋ, ಜನರ ಪರೀಕ್ಷೆಯೋ? ಸರ್ಕಾರಕ್ಕೆ ಎರಡೂ ಬೇಕು ಅನ್ನೋದು ನನ್ನ ಅಭಿಪ್ರಾಯ. ನಿಯಮ ಮಾಡೋದು ಪ್ರಯೋಗಾಲಯದ ಗೊಂಬೆಗಲ್ಲ, ಮೂಗಿನ ಕೆಳಗೆ ಮಾಸ್ಕ್ ಇಳಿಸಿಕೊಂಡು ಟೀ ಕುಡಿಯೋ ನಮಗೆ.

ಹಾಗಂತ ಪೂರ್ತಿ ಸಾಕ್ಷಿ ಬರೋವರೆಗೂ ಸರ್ಕಾರ ಕೈಕಟ್ಟಿ ಕೂರಬೇಕಾ? ಬೇಡ. ಪೊಲೀಸರು ಅನುಮಾನದ ಮೇಲೆ ಒಬ್ಬನನ್ನು ಠಾಣೆಗೆ ಕರೆಸಿ ವಿಚಾರಿಸಬಹುದು, ಆದರೆ ಅನುಮಾನದ ಮೇಲೆ ಜೀವಾವಧಿ ಶಿಕ್ಷೆ ಕೊಡೋಕಾಗಲ್ಲ. ಮಾಸ್ಕ್ ಹಾಕಿದ್ರೆ ನಷ್ಟ ಏನು? ಒಂದಿಷ್ಟು ಸೆಕೆ, ಕೆಲವು ರೂಪಾಯಿ. ಇದಕ್ಕೆ ಸಾಧಾರಣ ಸಾಕ್ಷಿ ಸಾಕು. ಅಂಗಡಿ ಮುಚ್ಚಿಸ್ತೀನಿ, ಶಾಲೆ ಮುಚ್ಚಿಸ್ತೀನಿ ಅಂದ್ರೆ ಅಷ್ಟಕ್ಕೆ ಸಾಲದು.

ರಾತ್ರಿ ಕರ್ಫ್ಯೂ ನೆನಪಿದೆಯಲ್ಲ? 2020ರ ಡಿಸೆಂಬರ್ 23ಕ್ಕೆ ಘೋಷಣೆ. ಮೊದಲು ಹತ್ತು ಗಂಟೆ, ಆಮೇಲೆ ಹನ್ನೊಂದು ಗಂಟೆ. ಮಾರನೇ ದಿನ, ಜಾರಿಗೆ ಬರೋ ಮೊದಲೇ, ವಾಪಸ್! ಮರುವರ್ಷ ಡಿಸೆಂಬರ್ 28ರಿಂದ ಅದೇ ಕರ್ಫ್ಯೂ ಮತ್ತೆ ಬಂತು. ಮೊದಲನೇ ಸಲ ವಾಪಸ್ ಪಡೆಯೋಕೆ ಯಾವ ಅಧ್ಯಯನ ಆಧಾರ? ಎರಡನೇ ಸಲ ಹೇರೋಕೆ ಯಾವುದು? ಹಗಲು ಮಾರುಕಟ್ಟೆಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ, ಖಾಲಿ ರಸ್ತೆಗೆ ರಾತ್ರಿ ಬ್ಯಾರಿಕೇಡ್. ನಾಲ್ಕು ಜಿಲ್ಲೆಯಲ್ಲಿ ಹೇರಿ, ನಾಲ್ಕು ಜಿಲ್ಲೆಯಲ್ಲಿ ಬಿಟ್ಟು ಎಣಿಸಿದ್ದರೆ ಇವತ್ತು ಏನಾದ್ರೂ ಉತ್ತರ ಸಿಕ್ತಿತ್ತು.

ಇಂಥ ಪ್ರಯೋಗ ಮಕ್ಕಳ ವಿಷಯದಲ್ಲಿ ಆಗಲ್ಲ ಅಂತೀರಾ? ಇಂಗ್ಲೆಂಡ್‌ನಲ್ಲಿ ಆಯ್ತು. 2021ರಲ್ಲಿ 201 ಶಾಲೆಗಳು. ಸೋಂಕಿತರ ಜೊತೆಗಿದ್ದ ಮಕ್ಕಳನ್ನು ಕೆಲವು ಶಾಲೆಗಳು ಹತ್ತು ದಿನ ಮನೆಗೆ ಕಳಿಸಿದವು. ಉಳಿದವು ದಿನಾ ಟೆಸ್ಟ್ ಮಾಡಿ ಕ್ಲಾಸಿನಲ್ಲೇ ಕೂರಿಸಿದವು. ಕ್ಲಾಸಿನಲ್ಲಿ ಕೂರಿಸಿದ ಕಡೆ ಕಾಯಿಲೆ ಹೇಳಿಕೊಳ್ಳುವಂತೆ ಹೆಚ್ಚಲಿಲ್ಲ.

ನಮ್ಮಲ್ಲಿ ಏನಾಯ್ತು? 2020ರ ಮೇ 4ಕ್ಕೆ ಮದ್ಯದಂಗಡಿ ಬಾಗಿಲು ತೆಗೀತು. ಒಂದರಿಂದ ಐದನೇ ತರಗತಿ ಬಾಗಿಲು ತೆಗೆದಿದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು! ಮುಚ್ಚಿದ ಮೊದಲ ತಿಂಗಳುಗಳಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ, ಆ ನಿರ್ಧಾರವನ್ನು ನಾನು ದೂರಲ್ಲ. ಉಳಿದ ತಿಂಗಳುಗಳಿಗೆ ಮಾತ್ರ ಲೆಕ್ಕ ಬೇಕು. ಅಸರ್ ವರದಿ ತೆಗೆದು ನೋಡಿ. ದೇಶದ ಹಳ್ಳಿಗಳ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿ ಪಾಠ ಓದಬಲ್ಲವರು 2018ರಲ್ಲಿ ನೂರಕ್ಕೆ 27.3 ಇದ್ದರು. 2022ರಲ್ಲಿ 20.5. ಆ ಸಾಲಿನಲ್ಲಿ ಒಂದನೇ ಕ್ಲಾಸಿಗೆ ಸೇರಿದ ನಮ್ಮ ಮಗು ಮೊದಲ ಸಲ ಶಾಲೆಯ ಬೆಂಚಿನ ಮೇಲೆ ಕೂತದ್ದು ಎರಡನೇ ಕ್ಲಾಸಿನಲ್ಲಿ. ಆ ಆದೇಶದ ಕಡತದಲ್ಲಿ ಯಾವ ಸಾಕ್ಷಿ ಇತ್ತು ಅಂತ ವಿಧಾನಸಭೆಯಲ್ಲಿ ಯಾರಾದ್ರೂ ಎದ್ದು ನಿಂತು ಕೇಳ್ತಾರಾ? ಆಡಳಿತ ಪಕ್ಷದವರಾದರೂ ಸರಿ, ವಿರೋಧ ಪಕ್ಷದವರಾದರೂ ಸರಿ.