ಅಂಗಳದ ಸೊಪ್ಪು, ಅಂಗಡಿಯ ಚೀಟಿ

(ಕಾರ್ಕಳ ತಾಲೂಕಿನ ಹಳ್ಳಿಯೊಂದರಲ್ಲಿ ರೈತರ ಮುಂದೆ ಆಡಿದ ಮಾತಿನ ಬರಹ ರೂಪ)



ಬೆಲೆ ಮತ್ತು ಸಾಲದ ಮಾತಿಗೆಂದು ಸೇರಿದ ಜಾಗದಲ್ಲಿ ತಂಬುಳಿ, ಕಷಾಯದ ಕತೆ ಯಾಕಪ್ಪಾ ಎಂದು ನಿಮಗೆ ಅನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ. ಇದು ಸಾಲದ ಮಾತೇ.

ಉಳಿತಾಯ ಎಂದರೇನೆಂದು ಉಡುಪಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. 1906ರಲ್ಲಿ ಇಲ್ಲೇ ಕಾರ್ಪೊರೇಶನ್ ಬ್ಯಾಂಕ್ ಹುಟ್ಟಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1925ರಲ್ಲಿ ಹುಟ್ಟಿತು. 1928ರಿಂದ ಪಿಗ್ಮಿ ಎಂದು ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಕೂಡಿಸಿಕೊಂಡು ಹೋದರು. ಆ ಎರಡೂ ಹೆಸರುಗಳು 2020ರ ಏಪ್ರಿಲ್‌ನಲ್ಲಿ ಬೇರೆ ಬ್ಯಾಂಕುಗಳೊಳಗೆ ಕರಗಿದವು, ಅದಿರಲಿ. ಬ್ಯಾಂಕಿನ ಪುಸ್ತಕದಲ್ಲಿ ನಮ್ಮ ಎರಡಾಣೆಯೂ ದಾಖಲಾಯಿತು. ಆದರೆ ಅಂಗಡಿಗೆ ಹೋಗದೆ ಮನೆಯೊಳಗೇ ಉಳಿದ ದುಡ್ಡನ್ನು ಯಾರು ಬರೆದಿಟ್ಟರು? ಹಿತ್ತಲಿನ ತಿಮರೆ, ಬೇಲಿಯ ಪುನರ್ಪುಳಿ, ಮಳೆಗಾಲದ ತಜಂಕ್, ಕೆಸುವಿನ ಎಲೆ, ಇವುಗಳ ಲೆಕ್ಕ ಹೆಂಗಸರ ಬಾಯಲ್ಲೇ ಉಳಿಯಿತು.

ಬರೆದಿಟ್ಟವರು ಇಲ್ಲವೆಂದಲ್ಲ. ಪುತ್ತೂರು ತಾಲೂಕಿನ ಪಾಣಾಜೆಯಲ್ಲಿ ವೆಂಕಟರಾಮ ದೈತೋಟ, ಜಯಲಕ್ಷ್ಮಿ ದೈತೋಟ ದಂಪತಿಗಳು ಮೂಲಿಕೆಯನ್ನೂ ಅಡುಗೆಯನ್ನೂ ಒಟ್ಟಿಗೆ ಇಟ್ಟು ಬರೆದರು. ಅದೇ ಪುತ್ತೂರಿನಿಂದ 1988ರಲ್ಲಿ ಹೊರಟ ಅಡಿಕೆ ಪತ್ರಿಕೆ ಕೃಷಿಕನ ಕೈಗೇ ಲೇಖನಿ ಕೊಟ್ಟಿತು. ನಮ್ಮ ಬ್ರಹ್ಮಾವರದ ಹತ್ತಿರ ಚೇರ್ಕಾಡಿ ರಾಮಚಂದ್ರ ರಾಯರು ಇದ್ದರು, ಗಾಂಧಿಯ ದಾರಿಯವರು. ಎರಡೆಕರೆ ಚಿಲ್ಲರೆ ನೆಲ, ಉಳುಮೆ ಇಲ್ಲ, ಮೂಟೆ ಗೊಬ್ಬರ ಇಲ್ಲ, ಬಾವಿ ನೀರನ್ನು ಕೈಯಿಂದಲೇ ಎತ್ತಿ ಬೆಳೆದರು. ಜಪಾನಿನ ಫುಕುವೋಕಾರ ಪುಸ್ತಕ 1978ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಜಗತ್ತೆಲ್ಲ ಅವರನ್ನು ಹೊಗಳಿತು, ನಮ್ಮ ಪಕ್ಕದ ಊರಿನ ರಾಯರನ್ನು ನೋಡಿ ಬಂದವರು ನಮ್ಮಲ್ಲಿ ಎಷ್ಟು ಮಂದಿ? ಎಲ್ಲರೂ ಅವರಂತೆ ಬದುಕಲಿ ಎಂದು ನಾನು ಹೇಳುವುದಿಲ್ಲ, ಆಗುವುದೂ ಇಲ್ಲ. ಸಾಲ ಮಾಡದೆ ಬೆಳೆಯುವುದು ಸಾಧ್ಯ ಎಂಬುದಕ್ಕೆ ಒಂದು ಸಾಕ್ಷಿ ಬೇಕಿತ್ತು, ಅದು ಸಿಕ್ಕಿತು.

ಈಗ ಅನ್ನಕ್ಕೆ ಬರುತ್ತೇನೆ. ನಮ್ಮದು ಕೆಂಪು ಕುಚ್ಚಲಕ್ಕಿ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿದ್ದ ಬಿ ಜೀವಸತ್ವದಲ್ಲಿ ಒಂದು ಪಾಲು ಕಾಳಿನೊಳಕ್ಕೆ ಇಳಿಯುತ್ತದೆ. ಹಾಗಾಗಿ ಬೆಳ್ಳಗೆ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಗಿಂತ ಇದು ಮೇಲು. ಇಷ್ಟು ಒಳ್ಳೆಯ ಅಕ್ಕಿ ಬೆಳೆಯುವ ನಾವು ಮಾಡುವುದೇನು? ಕಾರ್ತಿ ಬೆಳೆ ಕಟಾವಾದ ಕೂಡಲೇ ಸೊಸೈಟಿಯ ಕಂತು, ಕಟಾವು ಯಂತ್ರದ ಬಾಡಿಗೆ ಎಂದು ಹಸಿ ಭತ್ತವನ್ನೇ ಮಿಲ್ಲಿಗೆ ಹಾಕುತ್ತೇವೆ. ಸರಕಾರದ ಖರೀದಿ ಕೇಂದ್ರ ಬಾಗಿಲು ತೆರೆಯುವ ಹೊತ್ತಿಗೆ ಅಂಗಳ ಗುಡಿಸಿ ಆಗಿರುತ್ತದೆ. ಇದು ವರ್ಷ ವರ್ಷದ ದೂರು.

ಲೆಕ್ಕ ನೋಡಿ. 2025-26ರ ಸಾಲಿಗೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಒಂದು ಕ್ವಿಂಟಾಲಿಗೆ ಸುಮಾರು 65 ಕಿಲೋ ಅಕ್ಕಿ ಎಂದು ಹಿಡಿಯಿರಿ. ಬೆಂಬಲ ಬೆಲೆ ಪೂರ್ತಿ ಸಿಕ್ಕರೂ ನಿಮ್ಮ ಕೈಗೆ ಬಂದದ್ದು ಕಿಲೋ ಅಕ್ಕಿಗೆ 36 ರೂಪಾಯಿ ಚಿಲ್ಲರೆ. ತೌಡು, ಉಮಿ ಮಿಲ್ಲಿನಲ್ಲೇ ಉಳಿಯಿತು. ನಾಲ್ಕು ತಿಂಗಳು ಕಳೆದ ಮೇಲೆ ಅದೇ ಕುಚ್ಚಲಕ್ಕಿಯನ್ನು ಅಂಗಡಿಯಿಂದ ಯಾವ ದರಕ್ಕೆ ತಂದಿರಿ, ಮನೆಯಾಕೆಯ ಹತ್ತಿರ ಚೀಟಿ ಇದ್ದೀತು, ಕೇಳಿ. ಎರಡರ ನಡುವಿನ ಅಂತರವೇ ಸಾಲಕ್ಕೆ ಕಟ್ಟುವ ಎರಡನೇ ಬಡ್ಡಿ. ವರ್ಷದ ಊಟಕ್ಕೆ ಬೇಕಾದಷ್ಟು ಭತ್ತವನ್ನು ಮನೆಯಲ್ಲಿ ಉಳಿಸಿಕೊಳ್ಳಲು ಸೊಸೈಟಿಯ ಕಂತು ಕಟಾವಿನ ಮರುದಿನವೇ ಬೀಳಬಾರದು, ಖರೀದಿ ಕೇಂದ್ರ ಕಟಾವಿಗೆ ಮೊದಲೇ ತೆರೆಯಬೇಕು. ಇದನ್ನು ನಾವು ಹೋರಾಡಿಯೇ ಪಡೆಯಬೇಕು. ಸೊಪ್ಪು ತಿಂದರೆ ಸಾಲ ತೀರುತ್ತದೆ ಎಂದು ಭಾಷಣ ಮಾಡುವವರನ್ನು ನಂಬಬೇಡಿ. ಬೆಲೆ ಕೊಡಲು ಮನಸ್ಸಿಲ್ಲದವರಿಗೆ ಅದು ಅನುಕೂಲದ ಮಾತು.

ಹಾಗೆಂದು ಹಿತ್ತಲ ಜ್ಞಾನವನ್ನು ಕೈಬಿಟ್ಟರೂ ನಷ್ಟ ನಮಗೇ. 2021ರಲ್ಲಿ ಕೇಂದ್ರದ ಆಯುಷ್ ಇಲಾಖೆ ಸಾಂಪ್ರದಾಯಿಕ ಆಹಾರಗಳ ಪುಸ್ತಕದಲ್ಲಿ ನಮ್ಮ ಪತ್ರೊಡೆಯನ್ನು ಸೇರಿಸಿತು. ದೆಹಲಿಗೆ ಪತ್ರೊಡೆ ತಲುಪಿತು, ನಮ್ಮ ಮಕ್ಕಳಿಗೆ ಯಾವ ಕೆಸು ತುರಿಸುತ್ತದೆ, ಯಾವುದು ತುರಿಸುವುದಿಲ್ಲ ಎಂದು ಗೊತ್ತಿಲ್ಲ! ಹುಳಿ ಯಾಕೆ ಹಾಕುತ್ತಾರೆಂದೂ ಗೊತ್ತಿಲ್ಲ. ತುರಿಕೆ ತರುವ ಸೂಜಿಯಂಥ ಹರಳುಗಳು ಆ ಎಲೆಯಲ್ಲಿವೆ, ಹುಣಸೆ ಹುಳಿ ಮತ್ತು ಚೆನ್ನಾದ ಬೇಯುವಿಕೆ ಅದನ್ನು ತಗ್ಗಿಸುತ್ತವೆ. ಆಟಿ ಅಮಾವಾಸ್ಯೆಯ ಕಷಾಯದ್ದು ಇನ್ನೂ ಗಂಭೀರ ವಿಷಯ. ಹಾಲೆ ಮರದ ತೊಗಟೆಯನ್ನು ಬೆಳಕು ಹರಿಯುವ ಮೊದಲು ಕಲ್ಲಿನಿಂದ ಜಜ್ಜಿ ತರುವುದು ರೂಢಿ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಅದು ವಿಷ, ಪ್ರಾಣಕ್ಕೇ ಅಪಾಯ. ಮರದ ಗುರುತಿಲ್ಲದವರು ಹಿಂದಿನ ದಿನ ಹಗಲಲ್ಲೇ ಹೋಗಿ, ಬಲ್ಲ ಹಿರಿಯರಿಂದ ತೋರಿಸಿಕೊಂಡು, ಗುರುತು ಕಟ್ಟಿ ಬನ್ನಿ. ಸಂಶಯವಿದ್ದರೆ ಆ ವರ್ಷ ಕುಡಿಯಲೇ ಬೇಡಿ, ಮೆಂತೆ ಗಂಜಿ ಉಂಡರೆ ಸಾಕು.

ಕೊನೆಗೆ ಬೀಜದ ಮಾತು. ಕಾಪು ತಾಲೂಕಿನ ಮಟ್ಟುವಿನ ಗುಳ್ಳ ಬದನೆ ನಿಮಗೆಲ್ಲ ಗೊತ್ತು. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜವೆಂದು ಊರವರ ನಂಬಿಕೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಟಿ ಬದನೆ ಮಾಡಲು ಎತ್ತಿಕೊಂಡ ನಾಡತಳಿಗಳಲ್ಲಿ ಉಡುಪಿ ಗುಳ್ಳವೂ ಇತ್ತು. 2010ರ ಫೆಬ್ರವರಿ 9ರಂದು ಕೇಂದ್ರ ಸರಕಾರ ಬಿಟಿ ಬದನೆಗೆ ತಡೆ ಹಾಕಿತು. ಅದೇ ತಿಂಗಳಲ್ಲಿ, 2002ರ ಜೀವವೈವಿಧ್ಯ ಕಾಯ್ದೆಯಂತೆ ಅನುಮತಿ ಪಡೆಯದೆ ಈ ತಳಿಗಳನ್ನು ಬಳಸಿದರೆಂಬ ದೂರೂ ದಾಖಲಾಯಿತು. 2011ರಲ್ಲಿ ಮಟ್ಟು ಗುಳ್ಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಬೆಳೆಗಾರರು ಸಂಘ ಕಟ್ಟಿ ಕಾಯಿಗೆ ಚೀಟಿ ಅಂಟಿಸಿ ಮಾರತೊಡಗಿದರು, ಬೇರೆ ಕಡೆಯ ಬದನೆಯನ್ನು ಮಟ್ಟುವಿನದೆಂದು ಮಾರುವವರ ಕೈ ಕಟ್ಟಲು. ಅನುಮತಿ ಕೇಳಲಿಲ್ಲವೆಂದು ದೂರಬೇಕಾದರೆ ಆ ಬೀಜ ಯಾವ ಊರಿನದು, ಯಾರು ಕಾಪಾಡಿದ್ದು ಎಂದು ಎಲ್ಲಾದರೂ ಬರೆದಿರಬೇಕಲ್ಲವೇ?

ಅದೇ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ತಳಿ, ಗಿಡ, ಮದ್ದಿನ ತಿಳುವಳಿಕೆ ಬರೆದಿಡುವ ಜನತಾ ಜೀವವೈವಿಧ್ಯ ದಾಖಲೆ ಪುಸ್ತಕ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ಪುಸ್ತಕ ತೋರಿಸಿ ಎಂದು ಕೇಳಿ. ನಿಮ್ಮ ಗದ್ದೆಯ ಕಜೆ ಭತ್ತ ಅದರಲ್ಲಿದೆಯೇ ನೋಡಿ. ಇಲ್ಲದಿದ್ದರೆ ಅಲ್ಲೇ ಬರೆಸಿ. ಹೋಗುವಾಗ ಮನೆಯ ಹಿರಿಯ ಹೆಂಗಸರನ್ನೂ ಕರೆದುಕೊಂಡು ಹೋಗಿ, ಗಿಡದ ಹೆಸರು ಸರಿಯಾಗಿ ಹೇಳಬಲ್ಲವರು ಅವರು.