ಕಣ್ಣು ಕಂಡಿದ್ದು, ಗುಂಡು ಹೇಳಿದ್ದು

ನಮ್ಮ ಹಿರಿಯರು ಒಂದು ಗಾದೆ ಮಾಡಿಟ್ಟಿದ್ದಾರೆ: ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು. ಕಣ್ಣಾರೆ ಕಂಡ ಮೇಲೆ ಇನ್ನೇನ್ರೀ ಪ್ರಮಾಣಿಸೋದು ಅಂತ ನಾವು ನೀವು ಕೇಳ್ತೀವಿ. ಟಿವಿಯವರಂತೂ ಒಂದು ಹೆಜ್ಜೆ ಮುಂದೆ. ಎಲ್ಲಾದರೂ ಏನಾದರೂ ಆದರೆ ಮೈಕ್ ಹಿಡಿದು ಮೊದಲು ಓಡೋದು ಪ್ರತ್ಯಕ್ಷದರ್ಶಿ ಹತ್ತಿರ. ‘ನಾನೇ ನೋಡಿದೆ ಸಾರ್’ ಅಂತ ಒಬ್ಬ ಹೇಳಿಬಿಟ್ಟರೆ ಮುಗೀತು, ತೀರ್ಪು ಬಂದ ಹಾಗೇ. ಇವತ್ತು ಆ ಗಾದೆಯನ್ನ ಮುಂದಿಟ್ಟುಕೊಂಡು ಜಗತ್ತು ಅತಿ ಹೆಚ್ಚು ಚರ್ಚೆ ಮಾಡಿರುವ ಒಂದು ಕೊಲೆಯನ್ನ ನೋಡೋಣ.

1963ರ ನವೆಂಬರ್ 22. ಶುಕ್ರವಾರ, ಮಧ್ಯಾಹ್ನ 12.30. ಅಮೆರಿಕದ ಡಲ್ಲಾಸ್ ನಗರದ ಡೀಲಿ ಪ್ಲಾಜಾ. ತೆರೆದ ಕಾರಿನಲ್ಲಿ ಅಧ್ಯಕ್ಷ ಜಾನ್ ಎಫ್. ಕೆನಡಿ ಹೋಗ್ತಿದ್ದಾರೆ. ಪಕ್ಕದಲ್ಲಿ ಪತ್ನಿ. ಅವರ ಮುಂದಿನ ಸೀಟಿನಲ್ಲಿ ಟೆಕ್ಸಾಸ್ ಗವರ್ನರ್ ಜಾನ್ ಕನಾಲಿ ಮತ್ತು ಅವರ ಪತ್ನಿ. ರಸ್ತೆಯ ಎರಡೂ ಬದಿ ಜನ. ಗುಂಡಿನ ಸದ್ದು. ಕೆಲವೇ ಸೆಕೆಂಡು, ಎಲ್ಲ ಮುಗಿದುಹೋಯ್ತು. ಹಾಡಹಗಲು, ನೂರಾರು ಜನರ ಕಣ್ಣೆದುರು ನಡೆದ ಕೊಲೆ. ಇದರಲ್ಲಿ ಅನುಮಾನಕ್ಕೆ ಜಾಗ ಎಲ್ಲಿದೆ ಹೇಳಿ?

ಇದೆ. ಅಮೆರಿಕ ಸಂಸತ್ತಿನ ಕೆಳಮನೆಯ ಸಮಿತಿಯೊಂದು 1970ರ ದಶಕದ ಕೊನೆಯಲ್ಲಿ 178 ಸಾಕ್ಷಿಗಳ ಹೇಳಿಕೆಗಳನ್ನ ಪಟ್ಟಿ ಮಾಡಿತು. ಎಷ್ಟು ಗುಂಡು ಹಾರಿತು? 132 ಜನ ಮೂರು ಅಂದರು. ಇಲ್ಲಿಯವರೆಗೆ ಪರವಾಗಿಲ್ಲ. ಗುಂಡು ಎಲ್ಲಿಂದ ಬಂತು? 49 ಜನ ಶಾಲಾ ಪುಸ್ತಕಗಳ ಗೋದಾಮಿನ ಕಟ್ಟಡದಿಂದ ಅಂದರು. 21 ಜನ ಎದುರಿನ ಹುಲ್ಲು ದಿಬ್ಬದಿಂದ ಅಂದರು. 30 ಜನ ಬೇರೆಲ್ಲಿಂದಲೋ ಅಂದರು. 78 ಜನ ಗೊತ್ತಾಗಲಿಲ್ಲ ಅಂದರು.

ಇವರೆಲ್ಲ ಸುಳ್ಳು ಹೇಳಿದರಾ? ಖಂಡಿತ ಇಲ್ಲ. ರೈಫಲ್ ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುತ್ತೆ. ಗಾಳಿಯನ್ನ ಸೀಳಿಕೊಂಡು ಹೋಗೋವಾಗ ಅದರದೇ ಒಂದು ‘ಟಪ್’ ಸದ್ದು ಬರುತ್ತೆ. ಬಂದೂಕಿನ ಬಾಯಿಂದ ಬರೋದು ಇನ್ನೊಂದು ಸದ್ದು. ಸುತ್ತ ಎತ್ತರದ ಕಟ್ಟಡಗಳಿದ್ದರೆ ಪ್ರತಿಧ್ವನಿ ಬೇರೆ. ದಿಕ್ಕು ಗುರುತಿಸೋದ್ರಲ್ಲಿ ಕಿವಿ ಸೋಲುತ್ತೆ. ಆಮೇಲೆ ಮನಸ್ಸು ಏನು ಮಾಡುತ್ತೆ? ಜನ ಯಾವ ಕಡೆ ಓಡಿದರೋ, ಪಕ್ಕದವ ಎಲ್ಲಿ ಬೆರಳು ತೋರಿಸಿದನೋ, ಅಲ್ಲಿಗೆ ಆ ಸದ್ದನ್ನ ತಂದು ಕೂರಿಸಿಬಿಡುತ್ತೆ.

ಇನ್ನು ಕಣ್ಣಿನ ವಿಷಯಕ್ಕೆ ಬರೋಣ. ಕಟ್ಟಡದ ಎದುರಿಗೆ ಒಬ್ಬ ಪೈಪ್ ಕೆಲಸಗಾರ ಕೂತಿದ್ದ. ಆರನೇ ಮಹಡಿಯ ಕಿಟಕಿಯಲ್ಲಿ ಬಂದೂಕು ಹಿಡಿದವನನ್ನ ನೋಡಿದೆ ಅಂದ. ಅವನು ತೋರಿಸಿದ ಕಿಟಕಿಯ ಹತ್ತಿರವೇ ಮೂರು ಖಾಲಿ ತೋಟಾಗಳು ಸಿಕ್ಕವು. ಅಂದರೆ ಮುಖ್ಯ ವಿಷಯದಲ್ಲಿ ಅವನು ಸರಿ. ಆದರೆ ಅದೇ ಮನುಷ್ಯ, ಗುಂಡು ಹಾರಿಸಿದವನು ನಿಂತಿದ್ದ ಅಂತಲೂ ಹೇಳಿದ. ಕಿಟಕಿಯ ಗಾಜು ಅರ್ಧ ಮಾತ್ರ ಮೇಲಕ್ಕೆತ್ತಿತ್ತು. ನಿಂತು ಹೊಡೆದಿದ್ದರೆ ಗುಂಡು ಗಾಜನ್ನ ಒಡೆದುಕೊಂಡು ಬರಬೇಕಿತ್ತು. ಹೊಡೆದವನು ಕೂತಿರಬೇಕು, ಇಲ್ಲವೇ ಮೊಣಕಾಲೂರಿರಬೇಕು ಅಂತ ತನಿಖೆ ನಡೆಸಿದ ವಾರನ್ ಆಯೋಗ ಹೇಳಿತು. ನೋಡಿ, ಒಂದೇ ಕಣ್ಣು, ಒಂದೇ ನೋಟ. ಅರ್ಧ ಸರಿ, ಅರ್ಧ ತಪ್ಪು.

ಕಥೆ ಇಲ್ಲಿಗೇ ಮುಗಿಯಲ್ಲ. ಅವತ್ತು ಸಂಜೆ ಗುರುತು ಪತ್ತೆಗೆ ಕರೆದಾಗ ಅವನು ಓಸ್ವಾಲ್ಡ್‌ನನ್ನ ಖಚಿತವಾಗಿ ಗುರುತಿಸಲಿಲ್ಲ, ಹೋಲ್ತಾನೆ ಅಂದ ಅಷ್ಟೇ. ಕುಟುಂಬಕ್ಕೆ ಅಪಾಯ ಆದೀತು ಅಂತ ಹೆದರಿದ್ದೆ ಅಂತ ಆಮೇಲೆ ಹೇಳಿದ. ಆದರೆ ಪೊಲೀಸ್ ಠಾಣೆಗೆ ಹೋಗೋ ಮೊದಲೇ ಅವನು ಟಿವಿಯಲ್ಲಿ ಓಸ್ವಾಲ್ಡ್ ಮುಖ ನೋಡಿದ್ದ! ಈಗ ಹೇಳಿ, ಅವನ ತಲೆಯಲ್ಲಿದ್ದ ಮುಖ ಕಿಟಕಿಯಲ್ಲಿ ಕಂಡದ್ದೋ, ಟಿವಿಯಲ್ಲಿ ಕಂಡದ್ದೋ? ಅವನಿಗೇ ಗೊತ್ತಾಗೋಕೆ ಸಾಧ್ಯವಾ?

ಸಾಮಾನ್ಯ ಜನ ಬಿಡಿ, ಪೊಲೀಸರನ್ನೇ ತಗೊಳ್ಳಿ. ಆರನೇ ಮಹಡಿಯಲ್ಲಿ ರೈಫಲ್ ಪತ್ತೆ ಮಾಡಿದವರಲ್ಲಿ ಒಬ್ಬ ಅಧಿಕಾರಿ ಮರುದಿನ ಪ್ರಮಾಣಪತ್ರ ಬರೆದುಕೊಟ್ಟ. ಅದರಲ್ಲಿ ರೈಫಲ್‌ನ ಹೆಸರು 7.65 ಮೌಸರ್, ಜರ್ಮನ್ ಮಾದರಿ. ಆದರೆ ಸಿಕ್ಕ ಬಂದೂಕು 6.5 ಮಿ.ಮೀ.ನ ಇಟಲಿಯ ಮ್ಯಾನ್‌ಲಿಕರ್ ಕಾರ್ಕಾನೊ. ‘ಮೇಡ್ ಇಟಲಿ’ ಅಂತ ಅದರ ಮೇಲೇ ಕೆತ್ತಿದೆ. ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ, ಒಂದು ಕ್ಷಣ ನೋಡಿದವನು ಮೌಸರ್ ಅಂದುಕೊಂಡ. ಅಷ್ಟೇ ವಿಷಯ. ಆದರೆ ಆ ಒಂದು ಪದ ಹಿಡಿದುಕೊಂಡು ‘ಬಂದೂಕನ್ನೇ ಬದಲಾಯಿಸಿದರು’ ಅಂತ ದಶಕಗಟ್ಟಲೆ ಪುಸ್ತಕ ಬರೆದರು. ಪುಣ್ಯಕ್ಕೆ, ಬಂದೂಕನ್ನ ಪೆಟ್ಟಿಗೆಗಳ ನಡುವಿನಿಂದ ಎತ್ತೋದನ್ನ ಒಬ್ಬ ಟಿವಿ ಕ್ಯಾಮೆರಾಮನ್ ಚಿತ್ರೀಕರಿಸಿದ್ದ. ಫಿಲ್ಮ್‌ನಲ್ಲಿರೋದು ಕಾರ್ಕಾನೊನೇ.

ಹಾಗಾದರೆ ಮನುಷ್ಯರ ಮಾತು ಬಿಡಿ, ವಸ್ತುಗಳನ್ನ ನಂಬೋಣ ಅಂತೀರಾ? ವಸ್ತು ಸುಳ್ಳು ಹೇಳಲ್ಲ ಅಂತೀರಾ? ಸ್ವಲ್ಪ ತಾಳಿ.

ವಸ್ತು ಸಾಕ್ಷ್ಯದ ಬಲ ದೊಡ್ಡದು, ಅದನ್ನ ಒಪ್ಪೋಣ. ಅಂಚೆ ಮೂಲಕ ಷಿಕಾಗೊದಿಂದ ತರಿಸಿದ ಆ ರೈಫಲ್ ಬಂದು ಸೇರಿದ್ದು ಓಸ್ವಾಲ್ಡ್‌ನ ಅಂಚೆ ಪೆಟ್ಟಿಗೆಗೆ. ಕಾರಿನಲ್ಲಿ ಸಿಕ್ಕ ಗುಂಡಿನ ದೊಡ್ಡ ಚೂರುಗಳ ಮೇಲಿನ ಗೀರುಗಳು ಅದೇ ನಳಿಗೆಯವು. ಅಬ್ರಹಾಂ ಝಪ್ರೂಡರ್ ಅನ್ನೋ ವ್ಯಾಪಾರಿ ತನ್ನ 8 ಮಿ.ಮೀ. ಕ್ಯಾಮೆರಾದಲ್ಲಿ ಇಡೀ ಘಟನೆ ತೆಗೆದಿದ್ದ. ಸೆಕೆಂಡಿಗೆ 18.3 ಚೌಕಟ್ಟು. ಅದು ಫಿಲ್ಮ್ ಅಷ್ಟೇ ಅಲ್ಲ, ಗಡಿಯಾರ ಕೂಡ.

ಆ ಗಡಿಯಾರವೇ ಒಂದು ಗಂಟು ಹಾಕಿತು. ಆ ರೈಫಲ್‌ನಲ್ಲಿ ಒಂದು ಗುಂಡಿನಿಂದ ಇನ್ನೊಂದಕ್ಕೆ ಕನಿಷ್ಠ 2.3 ಸೆಕೆಂಡ್ ಬೇಕು ಅಂತ ಎಫ್‌ಬಿಐ ಪರೀಕ್ಷೆ ಹೇಳಿತು. ಫಿಲ್ಮ್‌ನಲ್ಲಿ ಕೆನಡಿಗೂ ಕನಾಲಿಗೂ ಪೆಟ್ಟು ಬಿದ್ದ ಹಾಗೆ ಕಾಣೋದು ಅದಕ್ಕಿಂತ ಕಡಿಮೆ ಅಂತರದಲ್ಲಿ. ಹಾಗಾದರೆ ಎರಡರಲ್ಲಿ ಒಂದು. ಒಂದೇ ಗುಂಡು ಇಬ್ಬರನ್ನೂ ದಾಟಿರಬೇಕು, ಇಲ್ಲಾ ಇಬ್ಬರು ಹಂತಕರಿರಬೇಕು. ಒಂದೇ ಗುಂಡು ಅಂತ ಆಯೋಗ ಹೇಳಿತು. ಕನಾಲಿ ಒಪ್ಪಲಿಲ್ಲ. ಮೊದಲ ಸದ್ದು ಕೇಳಿ ತಿರುಗಿದೆ, ಆಮೇಲೆ ನನಗೆ ಬಿತ್ತು ಅಂತ 1993ರಲ್ಲಿ ಸಾಯೋವರೆಗೂ ಹೇಳಿದರು. ಮೈಮೇಲೆ ಗುಂಡು ಬಿದ್ದವನ ಮಾತು! ಇದಕ್ಕಿಂತ ಪ್ರತ್ಯಕ್ಷ ಯಾವುದು? ಆದರೆ ಅವರು ಕೇಳಿದ ಮೊದಲ ಸದ್ದು ಗುರಿ ತಪ್ಪಿದ ಗುಂಡಿನದ್ದಾಗಿದ್ದರೆ, ಅವರ ನೆನಪೂ ಸರಿ, ಆಯೋಗವೂ ಸರಿ. ಜಗಳ ಇರೋದು ನೆನಪಿನ ಜೊತೆ ಅಲ್ಲ, ನೆನಪಿಗೆ ಕೊಟ್ಟ ಅರ್ಥದ ಜೊತೆ.

ಆ ಒಂದು ಗುಂಡು ಎಲ್ಲಿ ಸಿಕ್ಕಿತು? ಪಾರ್ಕ್‌ಲ್ಯಾಂಡ್ ಆಸ್ಪತ್ರೆಯ ಒಂದು ಸ್ಟ್ರೆಚರ್ ಹತ್ತಿರ. ಯಾರ ಸ್ಟ್ರೆಚರ್? ಕನಾಲಿಯದ್ದು ಅಂತ ಆಯೋಗ ತೀರ್ಮಾನಿಸಿತು. ಆದರೆ ಅದನ್ನ ಎತ್ತಿಕೊಂಡ ಆಸ್ಪತ್ರೆ ನೌಕರನಿಗೇ ಯಾವ ಸ್ಟ್ರೆಚರ್ ಅಂತ ಖಚಿತ ಇರಲಿಲ್ಲ. ಅವನ ಕೈಯಿಂದ ಆಸ್ಪತ್ರೆಯ ಭದ್ರತಾ ಅಧಿಕಾರಿಗೆ, ಅಲ್ಲಿಂದ ಸೀಕ್ರೆಟ್ ಸರ್ವಿಸ್‌ಗೆ, ಅಲ್ಲಿಂದ ಎಫ್‌ಬಿಐಗೆ. ಆಮೇಲೆ ‘ನೀವು ಕೊಟ್ಟದ್ದು ಇದೇನಾ’ ಅಂತ ಕೇಳಿದರೆ ಮೊದಲು ಮುಟ್ಟಿದವರು ಖಚಿತವಾಗಿ ಹೌದು ಅನ್ನಲಿಲ್ಲ. ನೋಡಿ, ಎಲ್ಲಿಗೆ ಬಂತು ಮಾತು! ಗುಂಡಿನ ವಿಶ್ವಾಸಾರ್ಹತೆಯೂ ಕೊನೆಗೆ ನಿಂತಿದ್ದು ಮನುಷ್ಯನ ನೆನಪಿನ ಮೇಲೆ.

ಇಷ್ಟೇ ಅಲ್ಲ. ಕನಾಲಿ ಹಾಕಿಕೊಂಡಿದ್ದ ಬಟ್ಟೆ ತಜ್ಞರ ಕೈಗೆ ಬರೋ ಹೊತ್ತಿಗೆ ಒಗೆದು ಇಸ್ತ್ರಿಯಾಗಿತ್ತು. ಶವಪರೀಕ್ಷೆ ಮಾಡಿದ ಮುಖ್ಯ ವೈದ್ಯರು ವರದಿಯ ಮೊದಲ ಕರಡನ್ನ ಸುಟ್ಟುಹಾಕಿದ್ದರು. ದುರುದ್ದೇಶ ಇತ್ತು ಅಂತ ಹೇಳ್ತಿಲ್ಲ. ಆದರೆ ಅನುಮಾನಕ್ಕೆ ಇದಕ್ಕಿಂತ ಒಳ್ಳೆ ಗೊಬ್ಬರ ಬೇಕಾ?

ಕೊನೆಗೆ ಯಂತ್ರದ ಸಾಕ್ಷ್ಯ. ಪೊಲೀಸ್ ಮೋಟಾರ್‌ಸೈಕಲ್ ಒಂದರ ಮೈಕ್ ಆನ್ ಆಗೇ ಉಳಿದುಬಿಟ್ಟಿತ್ತು, ಅದರ ಧ್ವನಿಮುದ್ರಣದಲ್ಲಿ ನಾಲ್ಕು ಗುಂಡಿನ ಸದ್ದಿದೆ, ಮೂರನೆಯದು ಶೇ. 95ರಷ್ಟು ಸಂಭವನೀಯತೆಯಿಂದ ಹುಲ್ಲು ದಿಬ್ಬದ್ದು ಅಂತ ತಜ್ಞರು ಲೆಕ್ಕ ಹಾಕಿದರು. ಅದನ್ನೇ ನಂಬಿ ಸಂಸದೀಯ ಸಮಿತಿ ‘ಬಹುಶಃ ಸಂಚು’ ಅಂತ 1979ರಲ್ಲಿ ವರದಿ ಕೊಟ್ಟಿತು. ಆಮೇಲೆ ಓಹಿಯೋದ ಒಬ್ಬ ಡ್ರಮ್ ವಾದಕ, ಪತ್ರಿಕೆಯೊಂದರ ಜೊತೆ ಬಂದ ಪ್ಲಾಸ್ಟಿಕ್ ರೆಕಾರ್ಡನ್ನ ಮತ್ತೆ ಮತ್ತೆ ಕೇಳಿದ. ‘ಗುಂಡಿನ ಸದ್ದು’ ಇರೋ ಜಾಗದಲ್ಲೇ ಸಣ್ಣಗೆ ಒಂದು ಮಾತು ಕೇಳಿಸಿತು. ಅದು ಘಟನೆ ಆದಮೇಲೆ ಪೊಲೀಸ್ ಅಧಿಕಾರಿ ಕೊಟ್ಟ ಆದೇಶ! 1982ರಲ್ಲಿ ಭೌತವಿಜ್ಞಾನಿ ನಾರ್ಮನ್ ರಾಮ್ಸೆ ನೇತೃತ್ವದ ವಿಜ್ಞಾನಿಗಳು ಪರಿಶೀಲಿಸಿ, ಆ ಸದ್ದುಗಳು ಕೊಲೆಯಾಗಿ ಸುಮಾರು ಒಂದು ನಿಮಿಷದ ನಂತರದ್ದು ಅಂದರು. ಯಂತ್ರ ಸುಳ್ಳು ಹೇಳಿರಲಿಲ್ಲ. ಅದನ್ನ ಓದಿದವರು ಎಡವಿದ್ದರು.

ಇವನ್ನೆಲ್ಲ ಒರೆಗೆ ಹಚ್ಚಬೇಕಾದ ಜಾಗ ಯಾವುದು? ನ್ಯಾಯಾಲಯ. ಪಾಟೀಸವಾಲು. ಆದರೆ ನವೆಂಬರ್ 24ರಂದು ಪೊಲೀಸ್ ಕಟ್ಟಡದ ನೆಲಮಾಳಿಗೆಯಲ್ಲಿ, ಟಿವಿ ನೇರಪ್ರಸಾರದಲ್ಲೇ, ಜ್ಯಾಕ್ ರೂಬಿ ಓಸ್ವಾಲ್ಡ್‌ನನ್ನ ಕೊಂದುಬಿಟ್ಟ. ವಿಚಾರಣೆ ನಡೆಯಲೇ ಇಲ್ಲ. ಸಾಕ್ಷಿಯನ್ನ ವಸ್ತುವಿನ ಮುಂದೆ ನಿಲ್ಲಿಸಿ, ವಸ್ತುವನ್ನ ಸಾಕ್ಷಿಯ ಮುಂದಿಟ್ಟು, ಎರಡೂ ಕಡೆಯ ವಕೀಲರು ಕೇಳಬೇಕಾದ ಪ್ರಶ್ನೆ ಯಾರೂ ಕೇಳಲಿಲ್ಲ. ಆರು ದಶಕದ ಅನುಮಾನದ ಬೇರು ಅಲ್ಲಿದೆ.

‘ಇಂಥ ದೊಡ್ಡ ಘಟನೆ ಮರೆಯೋಕೆ ಸಾಧ್ಯನಾ ಸಾರ್’ ಅಂತ ನೀವು ಕೇಳಬಹುದು. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡಿತು. ಮನೋವಿಜ್ಞಾನಿ ಉಲ್ರಿಕ್ ನೈಸರ್ ಮರುದಿನ ಬೆಳಗ್ಗೆಯೇ ವಿದ್ಯಾರ್ಥಿಗಳಿಂದ ಬರೆಸಿಕೊಂಡರು: ಸುದ್ದಿ ಕೇಳಿದಾಗ ಎಲ್ಲಿದ್ರಿ, ಯಾರು ಹೇಳಿದರು? ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಜನರಿಗೆ ಅದೇ ಪ್ರಶ್ನೆ. 11 ಜನರ ಉತ್ತರ ಪೂರ್ತಿ ಬೇರೆ! ಆದರೆ ತಪ್ಪು ಹೇಳಿದ ಎಷ್ಟೋ ಮಂದಿಯ ಆತ್ಮವಿಶ್ವಾಸ ಮಾತ್ರ ಗಟ್ಟಿಯಾಗಿತ್ತು. ಧೈರ್ಯವಾಗಿ ಹೇಳಿದ ಮಾತ್ರಕ್ಕೆ ಅದು ನಿಜ ಆಗಲ್ಲ ಸ್ವಾಮಿ.

ಇದು ನಮಗೇಕೆ ಬೇಕು ಅಂದರೆ, ನಮ್ಮ ಕೋರ್ಟುಗಳಲ್ಲಿ ಸಾಕ್ಷಿ ಕಟಕಟೆ ಹತ್ತೋದು ಎಷ್ಟೋ ಸಲ ಘಟನೆಯಾಗಿ ವರ್ಷಗಳ ಮೇಲೆ. ‘ಅಂಗಿ ಯಾವ ಬಣ್ಣ, ಎಷ್ಟು ಹೆಜ್ಜೆ ದೂರ’ ಅಂತ ಕೇಳ್ತಾರೆ. ತಪ್ಪಿದರೆ ಸುಳ್ಳುಗಾರ. 1983ರಲ್ಲೇ ಗುಜರಾತಿನ ಒಂದು ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಎಚ್ಚರಿಸಿದೆ, ಸಾಕ್ಷಿಯ ತಲೆ ವಿಡಿಯೊ ಟೇಪ್ ಅಲ್ಲ, ಸಣ್ಣಪುಟ್ಟ ವ್ಯತ್ಯಾಸ ಹಿಡಿದುಕೊಂಡು ಇಡೀ ಸಾಕ್ಷ್ಯವನ್ನ ಎಸೀಬೇಡಿ ಅಂತ. ಆ ಪೈಪ್ ಕೆಲಸಗಾರನನ್ನ ನೆನಪಿಸಿಕೊಳ್ಳಿ. ಭಂಗಿ ತಪ್ಪು ಹೇಳಿದ, ಆದರೆ ಕಿಟಕಿ ತೋರಿಸಿದವನು ಅವನೇ.

ಹಾಗಾಗಿ ಕೆಲಸ ಇರೋದು ಮೊದಲ ಗಂಟೆಗಳಲ್ಲಿ. ಸಾಕ್ಷಿಗಳು ಒಬ್ಬರಿಗೊಬ್ಬರು ಮಾತಾಡಿಕೊಳ್ಳೋ ಮೊದಲು ಬೇರೆ ಬೇರೆಯಾಗಿ ಹೇಳಿಕೆ ಬರೆದುಕೊಳ್ಳಬೇಕು. ಮುದ್ದೇಮಾಲನ್ನ ಅಲ್ಲೇ ಮಹಜರು ಮಾಡಿ, ಸೀಲ್ ಹಾಕಿ, ಕೈ ಬದಲಾದಾಗೆಲ್ಲ ಸಹಿ ತಗೋಬೇಕು. ಆರೋಪಿಯ ಮುಖಕ್ಕೆ ಪೊಲೀಸರು ಬಟ್ಟೆ ಮುಚ್ಚಿ ಕರ್ಕೊಂಡು ಬರ್ತಾರಲ್ಲ, ಮರ್ಯಾದೆಗೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಗುರುತು ಪತ್ತೆ ಪೆರೇಡ್ ಮುಗಿಯೋವರೆಗೆ ಸಾಕ್ಷಿ ಆ ಮುಖವನ್ನ ಬೇರೆಲ್ಲೂ ನೋಡಬಾರದು, ಅದಕ್ಕೆ ಅದು. ಆ ಬಟ್ಟೆ ಸರಿಸಿ ಮುಖ ತೋರಿಸೋಕೆ ಹೊರಡೋ ಕ್ಯಾಮೆರಾ, ಅಪರಾಧಿಗೆ ಸಂಶಯದ ಲಾಭ ಕೊಡಿಸಬಹುದು. ಇಲ್ಲಾ ನಿರಪರಾಧಿಯನ್ನ ಜೈಲಿಗೆ ಕಳಿಸಬಹುದು. ಎರಡೂ ಒಂದೇ ಪಾಪ.

ಇವತ್ತು ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಎಲ್ಲರೂ ಝಪ್ರೂಡರ್‌ಗಳೇ. ಕಣ್ಣೆದುರು ಏನಾದರೂ ಆದರೆ, ವಾಟ್ಸಾಪ್‌ಗೆ ಹಾಕೋ ಮೊದಲು, ಬೇರೆಯವರ ಮಾತು ಕೇಳೋ ಮೊದಲು, ಕಂಡಷ್ಟನ್ನ ಮಾತ್ರ ಒಂದು ಕಾಗದದಲ್ಲಿ ಬರೆದಿಡಿ. ವಿಡಿಯೊ ಇದ್ದರೆ ಕತ್ತರಿಸದೆ ಪೊಲೀಸರಿಗೆ ಕೊಡಿ. ಕಾಣದೇ ಇದ್ದದ್ದನ್ನ ‘ಕಾಣಲಿಲ್ಲ’ ಅನ್ನಿ. ಡಲ್ಲಾಸ್‌ನಲ್ಲಿ ಗೊತ್ತಾಗಲಿಲ್ಲ ಅಂದ ಆ 78 ಜನರೂ ಒಳ್ಳೆಯ ಸಾಕ್ಷಿಗಳೇ.

ಯೋಚನೆ ಮಾಡಿ.